ನಿಮ್ಮಪ್ಪ ಹಾಕಿದ ಶವರ್

ಅಡುಗೆಮನೆಯ ಕಟ್ಟೆಯಿಂದ,
ತಾರೀಕು ೪, ಗುರುವಾರ ಮಧ್ಯಾಹ್ನ

ಪ್ರೀತಿಯ ಚೂಟೀ,

ಹೇಗಿದ್ದೀಯಮ್ಮಾ? ಕೆಮ್ಮು ಬಿಟ್ಟಿತಾ? ಹೋದ ವಾರ ಫೋನಿನಲ್ಲಿ ಮಾತಿಗಿಂತ ಕೆಮ್ಮೇ ಜಾಸ್ತಿ ಕೇಳಿಸಿತು. ಒದ್ದೆ ತಲೆಯಲ್ಲೇ ಫ್ಯಾನಿನ ಕೆಳಗೆ ಮಲಗುವ ಚಾಳಿ ನಿನಗೆ ಮೊದಲಿನಿಂದಲೂ ಇದೆ, ಈಗ ಬೈಯಲು ನಾನು ಪಕ್ಕದಲ್ಲಿಲ್ಲ ಅನ್ನುವ ಧೈರ್ಯ ಬೇರೆ. ಅಳಿಯಂದಿರ ಬೆನ್ನುನೋವು ಹೇಗಿದೆ? ನಾನು ಕೇಳಿದೆ ಅಂತ ಹೇಳು. ಲಕೋಟೆ ಒಂದು ಕಡೆ ಉಬ್ಬಿಕೊಂಡಿರುವುದು ನಿನ್ನ ಕೈಗೆ ಆಗಲೇ ಗೊತ್ತಾಗಿರುತ್ತದೆ. ಒಳಗಿರುವ ಬಟ್ಟೆಯ ಗಂಟನ್ನು ಈಗಲೇ ಬಿಚ್ಚಬೇಡ. ಮೊದಲು ಪೂರ್ತಿ ಓದು, ಆಮೇಲೆ ಬಿಚ್ಚು. ನಿನಗೆ ಇಂಥ ಮಾತು ಹೇಳಿ ಪ್ರಯೋಜನವಿಲ್ಲ ಅಂತ ಗೊತ್ತಿದ್ದೂ ಹೇಳುತ್ತಿದ್ದೇನೆ.

ಫೋನ್ ಬಿಟ್ಟು ಪತ್ರ ಯಾಕೆ ಅಂತೀಯಾ? ಫೋನ್ ಹಿಡಿದರೆ ನಿಮ್ಮಪ್ಪ ಎರಡು ಕಿವಿಯನ್ನೂ ನನ್ನ ಕಡೆಗೇ ಇಟ್ಟುಕೊಂಡು ಕೂರುತ್ತಾರೆ. ಮಹಡಿಗೆ ಹೋಗಿ ಮಾತಾಡಿದರೆ ‘ಅಲ್ಲೇನು ತಾಯಿ ಮಗಳ ಗುಸುಗುಸು’ ಅಂತ ಹಿಂದೆಯೇ ಮೆಟ್ಟಿಲು ಹತ್ತಿ ಬರುತ್ತಾರೆ. ಬರೆಯುತ್ತಾ ಕೂತರೆ ಮಾತ್ರ ಸಾಮಾನಿನ ಪಟ್ಟಿ ಮಾಡುತ್ತಿದ್ದಾಳೆ ಅಂದುಕೊಂಡು ಸುಮ್ಮನಿರುತ್ತಾರೆ. ಈಗಲೂ ಹಾಗೆಯೇ ಅಂದುಕೊಂಡಿದ್ದಾರೆ. ಒಂದು ಸಲ ಬಾಗಿಲಿಂದ ಇಣುಕಿ ‘ಶೇವಿಂಗ್ ಬ್ಲೇಡೂ ಬರ್ಕೋ’ ಅಂದು ಹೋದರು. ನಾನು ಹಾಳೆಯನ್ನು ಅಂಗೈಯಿಂದ ಮುಚ್ಚಿಕೊಂಡೆ. ಎದುರುಮನೆಯಾಕೆ ಊಟ ಮುಗಿಸಿ ಕೆಲಸಕ್ಕೆ ವಾಪಸ್ ಹೋಗುವಾಗ ಇದನ್ನು ಅಂಚೆಗೆ ಹಾಕುತ್ತೇನೆ ಅಂದಿದ್ದಾಳೆ. ಅಷ್ಟರೊಳಗೆ ಮುಗಿಸಬೇಕು, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೋ.

ನನ್ನ ಬಲಭುಜ ಹಿಡಿದುಕೊಂಡಿರುವುದು ನಿನಗೆ ಗೊತ್ತಲ್ಲ. ಚಳಿ ಕಳೆದ ಮೇಲೂ ಬಿಡಲಿಲ್ಲ. ಬಕೆಟಿನಿಂದ ನೀರು ಮೊಗೆದು ತಲೆಯ ಮೇಲೆ ಸುರಿದುಕೊಳ್ಳಲು ಕೈ ಮೇಲೇಳುವುದೇ ಇಲ್ಲ. ಎಡಗೈಯಲ್ಲಿ ಸುರಿದುಕೊಂಡರೆ ಅರ್ಧ ನೀರು ಗೋಡೆಗೆ, ಅರ್ಧ ನನಗೆ. ಒಂದು ದಿನ ಬೆನ್ನಿನ ಸೋಪು ತೊಳೆದುಕೊಳ್ಳಲಾಗದೆ ಹಾಗೆಯೇ ಬಟ್ಟೆ ಹಾಕಿಕೊಂಡು ಬಂದೆ. ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿಕೊಳ್ಳುತ್ತಾ ನಿಂತಿದ್ದನ್ನು ನಿಮ್ಮಪ್ಪ ನೋಡಿದರು. ಮಾರನೆಯ ದಿನ ಶವರ್, ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ, ಪೈಪು, ಅಂಟಿನ ಡಬ್ಬಿ ಎಲ್ಲವನ್ನೂ ವ್ಯಾನಿನಲ್ಲಿ ತುಂಬಿಕೊಂಡು ಬಂದು ಹಜಾರದಲ್ಲಿ ಹರಡಿದರು. ಶಾಲೆಗೆ ರಜೆ, ಮಕ್ಕಳನ್ನು ಕರೆದೊಯ್ಯುವ ವ್ಯಾನಿಗೂ ರಜೆ, ಅವರಿಗೋ ಕೈಕಟ್ಟಿ ಕೂತು ಗೊತ್ತಿಲ್ಲ. ಪ್ಲಂಬರನ್ನು ಕರೆಸೋಣ ಅಂದಿದ್ದಕ್ಕೆ ‘ಇಂಜಿನ್ನೇ ಬಿಚ್ಚಿ ಜೋಡಿಸೋನು ನಾನು, ನಲ್ಲಿ ಯಾವ ಮಹಾ’ ಅಂದರು.

ಆ ಮಹಾ ಏನು ಅನ್ನುವುದು ಮೊದಲ ದಿನವೇ ಗೊತ್ತಾಯಿತು. ನೀರು ನಿಲ್ಲಿಸಲು ಮಹಡಿಯ ಟ್ಯಾಂಕಿನ ವಾಲ್ವ್ ಮುಚ್ಚಿದ್ದೇನೋ ನಿಜ, ಗೀಸರಿನ ಹೊಟ್ಟೆಯಲ್ಲಿ ನೀರು ಉಳಿದಿರುತ್ತದೆ ಅನ್ನುವುದು ನೆನಪಾಗಲಿಲ್ಲ. ಹಳೆಯ ಪೈಪು ಕೊಯ್ದಿದ್ದೇ ತಡ, ಅಷ್ಟೂ ನೀರು ಮುಖಕ್ಕೆ ರಾಚಿತು. ಪುಣ್ಯಕ್ಕೆ ತಣ್ಣಗಿತ್ತು. ನಾನು ನಕ್ಕೆ, ಅದಕ್ಕೆ ಸಂಜೆಯವರೆಗೂ ಮಾತು ಬಿಟ್ಟರು. ಆಮೇಲೆ ಪೈಪು ಕೂರಿಸಲು ಗೋಡೆ ಕೊರೆಯುವ ಕೆಲಸ. ಸಣ್ಣ ಸೀಳು ಸಾಕಿತ್ತು, ಇವರ ಸುತ್ತಿಗೆಯ ಏಟಿಗೆ ಅರ್ಧ ಗೋಡೆಯ ಟೈಲ್ಸ್ ಉದುರಿ ಬೋಳಾಯಿತು. ಹಿಟ್ಟಿನ ಡಬ್ಬದವರೆಗೂ ಧೂಳು. ಪೈಪಿನ ತುದಿಗೆ ಅಂಟು ಹಚ್ಚಿ, ಮೂಲೆಯಲ್ಲಿ ತಿರುಗುವ ಎಲ್ಬೋ ತುಂಡಿಗೆ ತೂರಿಸಿ, ಅದು ಹಿಡಿದುಕೊಳ್ಳುವ ತನಕ ಇಬ್ಬರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಟಾರ್ಚ್ ಹಿಡಿಯುವವಳೂ ನಾನೇ, ಬೈಸಿಕೊಳ್ಳುವವಳೂ ನಾನೇ. ಸಾಮಾನು ಕೊಟ್ಟ ಅಂಗಡಿಯವನು ‘ಗೋಡೆ ಮುಚ್ಚೋ ಮುಂಚೆ ಒಂದ್ಸಲ ನೀರು ಬಿಟ್ಟು ನೋಡಿ ಸಾರ್’ ಅಂದಿದ್ದನಂತೆ. ಕೇಳುವ ಆಸಾಮಿಯೇ? ಸೋಮವಾರ ಸಿಮೆಂಟ್ ಸಾಲದಾಯಿತು ಅಂತ ವ್ಯಾನ್ ತೆಗೆದುಕೊಂಡು ಹೋಗಿ ತಂದವರು, ಹೊರಗೆ ಹಾಕಿಕೊಂಡು ಹೋದ ಒಳ್ಳೆಯ ಶರ್ಟಿನಲ್ಲೇ ಬಗ್ಗಿ ಕೂತು, ಪೈಪಿನ ಮೇಲೆ ಸಿಮೆಂಟ್ ಮೆತ್ತಿ ಗೋಡೆಯನ್ನು ಮುಚ್ಚಿಯೇಬಿಟ್ಟರು.

ಮಂಗಳವಾರ ಬೆಳಿಗ್ಗೆ ನೀರು ಬಿಡುವ ಸಂಭ್ರಮ. ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದು. ಶವರನ್ನು ಇನ್ನೂ ಮೇಲಿನ ಕೊಕ್ಕೆಗೆ ಸಿಕ್ಕಿಸಿರಲಿಲ್ಲ, ಉದ್ದನೆಯ ಕೊಳವೆಯ ತುದಿಯಲ್ಲಿ ಅದು ನೆಲದ ಮೇಲೆ ಬಿದ್ದಿತ್ತು. ಗೀಸರ್ ಹಾಕಲು ಹೇಳಿದರು, ಹಾಕಿದೆ, ಚೆನ್ನಾಗಿ ಕಾಯಿತು. ಪ್ಯಾಂಟ್ ಮಡಿಸಿಕೊಂಡು ಒಳಗೆ ನಿಂತು, ಮಿಕ್ಸರಿನ ಹಿಡಿಯನ್ನು ಬಲಗಡೆಯ ನೀಲಿ ಬೊಟ್ಟಿನ ಕಡೆಗೆ ತಿರುಗಿಸಿದರು. ಗೋಡೆಯಲ್ಲಿ ಎಲ್ಲಾದರೂ ಒದ್ದೆ ಕಾಣುತ್ತದೆಯೇ ಅಂತ ಕತ್ತೆತ್ತಿ ನೋಡುತ್ತಾ, ‘ತಣ್ಣೀರು ಫಸ್ಟ್ ಕ್ಲಾಸಾಗಿ ಬರ್ತಿದೆ, ಬಂದು ನೋಡೇ’ ಅಂತ ಕೂಗಿದರು. ನಾನು ಬಾಗಿಲಿಗೆ ಬಂದರೆ ಕನ್ನಡಿಗೆಲ್ಲ ಮಂಜು ಕಟ್ಟಿದೆ, ನೆಲದಿಂದ ಹಬೆ ಏಳುತ್ತಿದೆ. ಶವರಿನ ಬಾಯಿ ಅವರ ಬಲಗಾಲಿನ ಕಡೆಗೇ ತಿರುಗಿಕೊಂಡಿದೆ, ಹೊಗೆಯಾಡುವ ನೀರು ಪಾದದ ಮೇಲೆ ಸುರಿಯುತ್ತಿದೆ, ಅವರು ಆರಾಮಾಗಿ ಗೋಡೆ ನೋಡುತ್ತಾ ನಿಂತಿದ್ದಾರೆ. ಬಿಸಿನೀರಿನ ಪೈಪನ್ನು ತಣ್ಣೀರಿನ ಬಾಯಿಗೆ ಜೋಡಿಸಿಬಿಟ್ಟಿದ್ದರು. ನಾನು ಓಡಿಹೋಗಿ ನಲ್ಲಿ ಮುಚ್ಚುವಾಗ ನನ್ನ ಕಾಲಿಗೆ ಸಿಡಿದ ಎರಡು ಹನಿಗೆ ಕಿರುಚಿಕೊಂಡೆ. ‘ಯಾಕೆ ಕಿರುಚ್ತೀಯಾ’ ಅಂತ ಅವರು ನನ್ನನ್ನೇ ಕೇಳಿದರು. ಆಮೇಲೆ ನನ್ನ ಕಣ್ಣು ಹೋದ ಕಡೆಗೆ ನೋಡಿದರು. ಪಾದ ಕೆಂಪಗೆ ಬೆಂದಿತ್ತು. ಅವರ ಮುಖದಲ್ಲಿ ನೋವು ಇರಲೇ ಇಲ್ಲ ಚೂಟೀ. ಬರೀ ಗಾಬರಿ ಇತ್ತು.

ಬಕೆಟಿನ ತಣ್ಣೀರಿನಲ್ಲಿ ಕಾಲಿಡಿಸಿ ಕೂರಿಸಿದೆ. ಸಂಜೆಗೆ ಗುಳ್ಳೆ ಎದ್ದವು. ‘ಬರಿಗಾಲಲ್ಲಿ ಓಡಾಡಿ ಬೆಳೆದ ಕಾಲು, ಚರ್ಮ ದಪ್ಪ’ ಅಂತ ನಗೆಯಾಡಿದರು. ನನಗೆ ನಗು ಬರಲಿಲ್ಲ, ಒಂದೊಂದೇ ನೆನಪಾಗತೊಡಗಿತು. ಮೊನ್ನೆ ಮೊನ್ನೆ ಒಂದು ಕಾಲಿನ ಚಪ್ಪಲಿ ಗೇಟಿನ ಹತ್ತಿರವೇ ಕಳಚಿಕೊಂಡರೂ ಗೊತ್ತಾಗದೆ ಬೀದಿ ಕೊನೆಯವರೆಗೆ ಹೋಗಿದ್ದರು, ನಾವಿಬ್ಬರೂ ಫೋನಿನಲ್ಲಿ ಅದನ್ನು ಹೇಳಿಕೊಂಡು ಬಿದ್ದು ಬಿದ್ದು ನಕ್ಕಿದ್ದೆವು. ರಜೆಗೆ ಮುಂಚೆ ವ್ಯಾನ್ ಶಾಲೆಯ ಗೇಟಿಗೆ ತಗಲಿ ಮುಂದಿನ ದೀಪ ಒಡೆಯಿತು. ಬ್ರೇಕ್ ಸಡಿಲವಾಗಿದೆ ಅಂತ ಗ್ಯಾರೇಜಿಗೆ ಒಯ್ದರು. ಮೆಕ್ಯಾನಿಕ್ ಎಲ್ಲ ಬಿಚ್ಚಿ ನೋಡಿ ‘ಬ್ರೇಕ್ ಸರಿಯಾಗೇ ಇದೆ ಯಜಮಾನ್ರೇ’ ಅಂದರೆ, ಅವನಿಗೆ ಕೆಲಸವೇ ಬರುವುದಿಲ್ಲ ಅಂತ ಬೈದುಕೊಂಡು ಬಂದರು. ಬ್ರೇಕ್ ಸರಿಯಾಗಿಯೇ ಇತ್ತು. ನಿನಗೆ ವ್ಯಾನ್ ಓಡಿಸಲು ಕಲಿಸುವಾಗ ಏನು ಹೇಳುತ್ತಿದ್ದರು ನೆನಪಿದೆಯಾ? ನೀನು ಪೆಡಲನ್ನು ಬಗ್ಗಿ ನೋಡಿದಾಗಲೆಲ್ಲ ತಲೆಗೆ ಮೊಟಕಿ ‘ಕೆಳಗೆ ನೋಡ್ಬೇಡ, ಎಷ್ಟು ಒತ್ತಿದೀಯಾ ಅಂತ ಕಾಲೇ ಹೇಳುತ್ತೆ’ ಅನ್ನುತ್ತಿದ್ದರು. ಅವರ ಕಾಲು ಈಗ ಏನೂ ಹೇಳುತ್ತಿಲ್ಲ. ಬರುವ ಸೋಮವಾರ ಶಾಲೆ ತೆರೆಯುತ್ತದೆ. ಅದೇ ಕಾಲು ಬ್ರೇಕಿನ ಮೇಲೆ ಇರುತ್ತದೆ, ಹಿಂದೆ ವ್ಯಾನಿನ ತುಂಬ ಮಕ್ಕಳಿರುತ್ತಾರೆ.

ಡಾಕ್ಟರ ಹತ್ತಿರ ಹೋಗೋಣ ಅಂದಿದ್ದೇ ತಪ್ಪಾಯಿತು, ಮನೆ ರಣರಂಗವಾಯಿತು. ನಿನ್ನ ದೊಡ್ಡಪ್ಪ ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಂಡಿದ್ದು ಇವರ ತಲೆಯಲ್ಲಿ ಹಾಗೇ ಕೂತಿದೆ. ‘ಅಣ್ಣ ಆಸ್ಪತ್ರೆಗೆ ನಡ್ಕೊಂಡೇ ಹೋದ, ನಾವು ಎತ್ಕೊಂಡು ಬಂದ್ವಿ. ನಾನು ಹೋಗಲ್ಲ’ ಅಂದರು. ದೊಡ್ಡಪ್ಪ ಹೋಗಿದ್ದು ತೀರಾ ತಡವಾಗಿ, ಬೇಗ ಬಂದಿದ್ದರೆ ಕಾಲು ಉಳಿಸಬಹುದಿತ್ತು ಅಂತ ಡಾಕ್ಟರೇ ಹೇಳಿದ್ದನ್ನು ನೆನಪಿಸಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಸೋಮವಾರ ಒಂದು ದಿನ ವ್ಯಾನ್ ಓಡಿಸುವುದು ಬಿಡಿ ಅಂದೆ. ಆಗ ಅವರ ದನಿಯೇ ಇಳಿದುಹೋಯಿತು. ‘ಮುಂದಿನ ಸೀಟಿನ ಪಾಪು ನಿದ್ದೆ ಹೋಗಿರುತ್ತೆ, ಎತ್ಕೊಂಡು ಹೋಗಿ ಮನೆಯೊಳಗೆ ಬಿಡೋರ್ಯಾರು? ವ್ಯಾನ್ ಬಿಟ್ರೆ ನಾನ್ಯಾರೇ’ ಅಂತ ಕೇಳಿದರು. ‘ಸರಿ, ಓಡಿಸಿ’ ಅಂದುಬಿಡೋಣ ಅನ್ನಿಸಿತು. ಆದರೆ ಆ ಪಾಪುವೇ ಮುಂದಿನ ಸೀಟಿನಲ್ಲಿ ಕೂರುವುದಲ್ಲವೇ, ಅದನ್ನು ನೆನೆದು ಗಟ್ಟಿಯಾದೆ. ಕೊನೆಗೆ ‘ನನ್ನಾಣೆ, ಮಗಳಿಗೆ ಹೇಳ್ಕೂಡದು’ ಅಂತ ಆಣೆ ಇಟ್ಟರು. ನಾನು ಹೇಳುತ್ತಿಲ್ಲ, ಬರೆಯುತ್ತಿದ್ದೇನೆ. ಬರೆದರೆ ಆಣೆ ತಟ್ಟುವುದಿಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ.

ಶವರಿನ ಕಥೆ ಹೇಳುವುದು ಅರ್ಧಕ್ಕೇ ನಿಂತಿತು. ಮುಚ್ಚಿದ ಗೋಡೆಯನ್ನು ಮತ್ತೆ ಒಡೆದು ಪೈಪು ಅದಲುಬದಲು ಮಾಡುವುದು ಅವರ ಜಾಯಮಾನವಲ್ಲ. ನೀನು ಬಿಟ್ಟುಹೋದ ಉಗುರುಬಣ್ಣವನ್ನು ಹುಡುಕಿ ನೀಲಿ ಬೊಟ್ಟಿಗೆ ಕೆಂಪು ಬಳಿದರು, ಕೆಂಪು ಬೊಟ್ಟಿಗೆ ಪೆನ್ನಿನಿಂದ ನೀಲಿ ಗೀಚಿದರು. ಈಗ ನಮ್ಮ ಮನೆಯಲ್ಲಿ ಬಲಕ್ಕೆ ಬಿಸಿನೀರು, ಎಡಕ್ಕೆ ತಣ್ಣೀರು, ನೀನು ಬಂದಾಗ ಜೋಪಾನ. ನಿನ್ನೆ ಮೊದಲ ಸ್ನಾನ ನನ್ನದು. ಬಾಗಿಲಾಚೆ ನಿಂತು ‘ಹದವಾಗಿದೆಯಾ, ಹದವಾಗಿದೆಯಾ’ ಅಂತ ಕೇಳುತ್ತಲೇ ಇದ್ದರು. ಕೈ ಎತ್ತಬೇಕಿಲ್ಲ, ಬಗ್ಗಬೇಕಿಲ್ಲ, ಸುಮ್ಮನೆ ನಿಂತರೆ ಸಾಕು, ಬೆಚ್ಚಗಿನ ನೀರು ಬೆನ್ನಿನ ಮೇಲೆ ತಾನಾಗಿ ಇಳಿಯುತ್ತದೆ. ಎಷ್ಟು ತಿಂಗಳಾಗಿತ್ತು ಹಾಗೆ ಸ್ನಾನ ಮಾಡಿ! ನನಗೆ ಈ ಸುಖ ಮಾಡಿಕೊಟ್ಟ ಮನುಷ್ಯ ಬೆಂದ ಕಾಲಿಗೆ ಬಟ್ಟೆ ಸುತ್ತಿಕೊಂಡು ಆಚೆ ನಿಂತಿದ್ದಾರಲ್ಲ ಅಂತ ಅಳು ಬಂತು. ಹದವಾಗಿದೆ ಅಂತ ಕೂಗಿ ಹೇಳಿದೆ.

ಇವತ್ತು ಬೆಳಿಗ್ಗೆಯಿಂದ ಬೇರೆಯೇ ಗಲಾಟೆ. ವ್ಯಾನ್ ತೊಳೆದು ಒಂದು ಸುತ್ತು ಓಡಿಸಿ ಬರುತ್ತೇನೆ ಅಂತ ಹೊರಟವರಿಗೆ ಕೀಲಿ ಸಿಗುತ್ತಿಲ್ಲ. ಎರಡನೆಯ ಕೀಲಿ ನಿನ್ನ ಮದುವೆಯ ಓಡಾಟದಲ್ಲೇ ಕಳೆದುಹೋಯಿತಲ್ಲ, ಇರುವುದು ಅದೊಂದೇ. ಮಂಚದ ಕೆಳಗೆ, ಸೋಫಾದ ಸಂದಿಯಲ್ಲಿ, ಕಸದ ಬುಟ್ಟಿಯಲ್ಲಿ ಕೂಡ ಹುಡುಕಿ ಆಯಿತು. ನನ್ನನ್ನು ಕೇಳಿದರು, ‘ನಿಮ್ಮ ಕೀಲಿ ನಿಮಗೇ ಗೊತ್ತು’ ಅಂದೆ. ಈಗ ಹಜಾರದಲ್ಲಿ ಓಡಾಡುತ್ತಿದ್ದಾರೆ, ಹೆಜ್ಜೆಯ ಸದ್ದು ಕೇಳುತ್ತಿದೆ. ಒಂದು ಕಾಲು ನೆಟ್ಟಗೆ ಬೀಳುತ್ತದೆ, ಇನ್ನೊಂದು ಪಟ್ಟೆಂದು ಬೀಳುತ್ತದೆ. ಇಷ್ಟು ದಿನ ನನಗೆ ಅದು ಕೇಳಿಸಿಯೇ ಇರಲಿಲ್ಲ.

ಪತ್ರ ಕೈಸೇರಿದ ತಕ್ಷಣ ಹೊರಟು ಬಾ. ಬಂದು ಅಳಬೇಡ, ಗದರಬೇಡ. ಅವರು ನಿನಗೆ ಕಲಿಸಿದ ಮಾತನ್ನೇ ಅವರಿಗೆ ವಾಪಸ್ ಹೇಳು. ನಾನು ಹೇಳಿದರೆ ಹೆಂಡತಿಯ ಗೊಣಗಾಟ, ನೀನು ಹೇಳಿದರೆ ಒಬ್ಬ ಡ್ರೈವರ್ ಇನ್ನೊಬ್ಬ ಡ್ರೈವರಿಗೆ ಹೇಳಿದ ಹಾಗೆ. ಅಳಿಯಂದಿರಿಗೆ ಆಶೀರ್ವಾದ ತಿಳಿಸು. ನೀನೂ ಚೆನ್ನಾಗಿರು, ತಲೆ ಒರೆಸಿಕೊಂಡು ಮಲಗು.

ಇಂತಿ,
ದಾರಿ ನೋಡುತ್ತಿರುವ
ನಿನ್ನ ಅಮ್ಮ

ತಾ.ಕ.: ಎದುರುಮನೆಯಾಕೆ ಬಂದು ನಿಂತಿದ್ದಾಳೆ, ಅವಸರದಲ್ಲಿ ಗೀಚುತ್ತಿದ್ದೇನೆ. ಈಗ ಗಂಟು ಬಿಚ್ಚು. ಅದು ವ್ಯಾನಿನ ಕೀಲಿ. ಸೋಮವಾರದ ಸಿಮೆಂಟ್ ಶರ್ಟನ್ನು ನೆನೆಹಾಕುವಾಗ ಜೇಬಿನಲ್ಲಿ ಸಿಕ್ಕಿತ್ತು. ಮೊಳೆಗೆ ತೂಗುಹಾಕೋಣ ಅಂತ ತೆಗೆದಿಟ್ಟಿದ್ದೆ, ಮಂಗಳವಾರ ಆ ಕಾಲನ್ನು ನೋಡಿದ ಮೇಲೆ ತೂಗುಹಾಕಲಿಲ್ಲ. ಮಕ್ಕಳ ಚಿಂತೆ ಬೇಡ, ಇನ್ನೊಂದು ವ್ಯಾನಿನ ಮೀಸೆ ಡ್ರೈವರ್ ಇದ್ದಾರಲ್ಲ, ಅವರ ಹೆಂಡತಿಯ ಹತ್ತಿರ ಮಾತಾಡಿದ್ದೇನೆ, ಸೋಮವಾರದಿಂದ ಅವರೇ ಕರೆದೊಯ್ಯುತ್ತಾರೆ. ಕೀಲಿಯನ್ನು ಯಾರ ಕೈಯಲ್ಲೂ ಕಳಿಸಬೇಡ, ನೀನೇ ತಾ. ಡಾಕ್ಟರು ಹೂಂ ಅನ್ನುವವರೆಗೂ ಅದು ನಿನ್ನ ಹತ್ತಿರವೇ ಇರಲಿ. ಅಯ್ಯೋ, ಸ್ನಾನದಮನೆಯಲ್ಲಿ ಸುತ್ತಿಗೆಯ ಸದ್ದು ಶುರುವಾಯಿತು. ‘ಬಗ್ಗಿದಾಗ ಜೇಬಿಂದ ಸಿಮೆಂಟೊಳಗೆ ಬಿದ್ದಿರ್ಬೇಕು ಕಣೇ’ ಅಂತ ಕೂಗುತ್ತಿದ್ದಾರೆ. ಪೈಪಿನ ಮೇಲೆಯೇ ಹೊಡೆಯುತ್ತಿದ್ದಾರೆ. ನಾನು ಒಂದು ಮಾತು ಹೇಳಿದರೆ ನನ್ನ ಶವರ್ ಉಳಿಯುತ್ತದೆ. ಹೇಳುವುದಿಲ್ಲ. ಗೀಸರ್ ಆರಿಸಿದ್ದೇನೆ, ಟ್ಯಾಂಕಿನ ವಾಲ್ವ್ ಮುಚ್ಚಲು ಮಹಡಿಗೆ ಓಡಬೇಕು. ಬೇಗ ಬಾ.