ಏರಿನಲ್ಲಿ ನಿಂತುಹೋದ ನಿನ್ನ ಕಾರು

ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ಈಗಲೂ ಹಾಗೆಯೇ ಕರೆಯುತ್ತೇನೆ. ಬೇರೆಯಾಗುವ ಕಾಗದಕ್ಕೆ ನೀನೂ ನನ್ನ ಮಗನೂ ಸಹಿ ಹಾಕಿದಿರಿ. ನನ್ನನ್ನು ಯಾರೂ ಕೇಳಲಿಲ್ಲ, ನಾನು ಹಾಕಿಯೂ ಇಲ್ಲ. ನಿನ್ನ ತಲೆನೋವು ಹೇಗಿದೆ? ಬೆಳಕು ಕಂಡರೆ ಆಗದೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದೆಯಲ್ಲ, ಈಗಲೂ ಹಾಗೆಯೇ ಬರುತ್ತದೆಯೆ? ಪುಟ್ಟಿಯ ಕೆಮ್ಮು ಹೋಯಿತೆ? ನಿದ್ದೆಯಲ್ಲಿ ಹೊದಿಕೆ ಒದ್ದುಬಿಡುತ್ತಾಳೆ, ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ, ಬರೆದಿದ್ದೇನೆ ಎಂದುಕೋ. ಕಾಯಿಲೆ ಕಸಾಲೆ ಏನಿಲ್ಲ ನನಗೆ. ದಣಿವು, ಅಷ್ಟೆ. ಬೆಳಿಗ್ಗೆ ಎದ್ದಾಗಲೇ ಸಂಜೆಯಾದಷ್ಟು ದಣಿವು. ಹೊಲಿಗೆಗೆ ಕೂತರೆ ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಸಾಕಪ್ಪಾ ಸಾಕು ಅನಿಸುತ್ತದೆ. ಪಕ್ಕದ ಮನೆಯವರು ಮಗನ ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಡಿ ಎಂದು ಕೊಟ್ಟಿದ್ದರು. ನಾನು ಇವತ್ತು ನಾಳೆ ಎನ್ನುವಷ್ಟರಲ್ಲಿ ಅವನೇ ಪ್ಯಾಂಟಿನಷ್ಟು ಉದ್ದವಾದ. ಕೆಲಸ ಉಳಿಯಿತು.

ಪುಟ್ಟಿಯ ಶಾಲೆಯ ಓಟದ ದಿನ ಬರುತ್ತೇನೆಂದು ಹೇಳಿ ಬರಲಿಲ್ಲ ನಾನು. ಅವಳು ಗೇಟು ಬಿಟ್ಟು ಕದಲಲಿಲ್ಲ, ಓಟಕ್ಕೆ ಕರೆದಾಗಲೂ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದಳು ಎಂದು ನೀನು ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೆ ನಾನು "ಕಾರು ಕೈಕೊಡ್ತು ಕಣೆ" ಅಂದು ಇಟ್ಟುಬಿಟ್ಟೆ. ನೀನು ನಂಬಿದೆಯೋ, ಮುದುಕಿ ನೆಪ ಹೇಳುತ್ತಾಳೆ ಅಂದುಕೊಂಡೆಯೋ. ಅದಕ್ಕೇ ಈ ಕಾಗದ.

ನಾನು ಬರುತ್ತಿದ್ದುದು ನಿನ್ನ ಕಾರಿನಲ್ಲೇ. ಮನೆ ಬಿಡುವಾಗ ನೀನು "ಇದು ನಿಮ್ಮ ಹತ್ರಾನೇ ಇರಲಿ ಅತ್ತೆ, ನಿಮಗೆ ಕಾಲಾಗುತ್ತೆ" ಎಂದು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ್ದೆ. ಈಗ ನೋಡಿದರೆ ನೀನೇ ಎರಡು ಬಸ್ಸು ಬದಲಾಯಿಸಿ ಮಗುವನ್ನು ಶಾಲೆಗೆ ಬಿಡುತ್ತಿದ್ದೀಯ. ಓಟ ನೋಡಿದ ಹಾಗೂ ಆಯಿತು, ಕಾರು ನಿನಗೆ ಒಪ್ಪಿಸಿದ ಹಾಗೂ ಆಯಿತು ಎಂದುಕೊಂಡು ಹೊರಟೆ. ಮಗನಿಗೆ ಹೇಳಲಿಲ್ಲ. ಸೇತುವೆಗೆ ಮೊದಲಿನ ಆ ಏರು ಗೊತ್ತಲ್ಲ, ಅಲ್ಲಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಕಾರು ಬಿಕ್ಕಳಿಕೆ ಬಂದವರ ಹಾಗೆ ಕುಲುಕತೊಡಗಿತು. ಹಿಂದೆ ಕರೀ ಹೊಗೆ. ಅರ್ಧ ಏರಿನಲ್ಲಿ ನಿಂತೇಹೋಯಿತು. ಹಿಂದಿದ್ದವರೆಲ್ಲ ನನ್ನ ಮೇಲೆ ಏನೋ ಹಗೆ ಇದ್ದವರಂತೆ ಹಾರ್ನ್ ಹೊಡೆದರು. ಕೊನೆಗೆ ಒಬ್ಬ ಲಾರಿ ಡ್ರೈವರ್ ಇಳಿದು ಬಂದ. ಬೈಯುತ್ತಾನೆಂದು ಗಾಜು ಏರಿಸಿದೆ. ಅವನು ಗಾಜು ತಟ್ಟಿ, "ನ್ಯೂಟ್ರಲ್ ಹಾಕಿ ಅಜ್ಜಿ, ಬ್ರೇಕ್ ಮೇಲೆ ಕಾಲಿಟ್ಟಿರಿ, ಹೆದರಬೇಡಿ" ಎಂದು ಇನ್ನಿಬ್ಬರನ್ನು ಕರೆದು ಪಕ್ಕಕ್ಕೆ ಸರಿಸಿಕೊಟ್ಟ. ಅಲ್ಲೇ ಕೂತೆ. ಈಗ ಓಟ ಶುರುವಾಗಿರುತ್ತದೆ, ಈಗ ಮುಗಿದಿರುತ್ತದೆ, ಈಗ ಮಕ್ಕಳು ನೀರು ಕುಡಿಯುತ್ತಿರುತ್ತವೆ ಎಂದುಕೊಳ್ಳುತ್ತ.

ಎಳೆದು ತರುವ ಗಾಡಿ ಬಂದು ಕಾರನ್ನು ಮನೆ ಮುಂದೆ ಇಳಿಸುವಾಗ ಮಗ ಗೇಟಿನಲ್ಲಿ ನಿಂತಿದ್ದ. "ಎಲ್ಲಿಗೆ ಹೊರಟಿದ್ದೆ?" ಅಂದ. "ಮೊಮ್ಮಗಳ ಓಟ ನೋಡೋಕೆ" ಅಂದೆ. ಬಾನೆಟ್ಟು ಎತ್ತಿ ನೋಡಿದ. "ಮಾರಿ ಬಿಸಾಕಮ್ಮ ಆ ಡಬ್ಬಾನ. ನಾನೇ ಯಾರಿಗಾದ್ರೂ ಹೇಳ್ತೀನಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವನು ಕೆಟ್ಟವನಲ್ಲ ಎಂದು ಬರೆಯಹೊರಟರೆ ನೀನು ಕಾಗದವನ್ನು ಅಲ್ಲಿಗೇ ಮಡಚಿಡುತ್ತೀಯ. ಅದಕ್ಕೇ ಬರೆಯುವುದಿಲ್ಲ. ಅವನು ಯಾರನ್ನೋ ಕರೆತರುವ ಮೊದಲು ಇದನ್ನು ಸರಿಮಾಡಿಸಬೇಕು ಎಂಬುದೊಂದೇ ತಲೆಯಲ್ಲಿ ಕೂತಿತು.

ಮೆಕ್ಯಾನಿಕ್ ನಿನಗೆ ಗೊತ್ತಿರುವವನೇ, ನೀನು ನಿಧಾನಪ್ಪ ಎಂದು ಹೆಸರಿಟ್ಟಿದ್ದೆಯಲ್ಲ, ಅವನೇ. ಈಗ ಸೊಂಟನೋವು ಬೇರೆ ಸೇರಿಕೊಂಡು ಇನ್ನೂ ನಿಧಾನವಾಗಿದ್ದಾನೆ. ಮೊದಲು ಪ್ಲಗ್ ಹೋಗಿದೆ ಎಂದು ಬದಲಾಯಿಸಿದ. ಬೀದಿಯ ಕೊನೆಯವರೆಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಅದೇ ಬಿಕ್ಕಳಿಕೆ. ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ ಎಂದು ಇಂಜೆಕ್ಟರ್‌ಗಳನ್ನೆಲ್ಲ ಬಿಚ್ಚಿ ತೊಳೆದ. ಊಹೂಂ. ಕೈ ಒರೆಸಿಕೊಂಡು, "ಅಮ್ಮಾ, ನಿಮ್ಮಷ್ಟೇ ನನಗೂ ಸಾಕಾಗಿದೆ" ಅಂದ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದೆವು. ಆಮೇಲೆ ಅವನು ಬೇರೆ ಗ್ಯಾರೇಜಿನಿಂದ ಸ್ಕ್ಯಾನರ್ ಕೇಳಿ ತಂದ. ಸ್ಟಿಯರಿಂಗಿನ ಕೆಳಗೆ ಅದರ ವೈರು ಸಿಕ್ಕಿಸಿದರೆ ಕಾರಿಗೆ ಏನಾಗಿದೆಯೆಂದು ತೋರಿಸುತ್ತದೆ. ಇಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆಯುವ ಸೆನ್ಸರ್ ಒಂದಿದೆಯಂತೆ, ತಪ್ಪು ಅದರದ್ದು ಎಂದು ತೋರಿಸಿತು. ಆ ಅಳತೆ ನೋಡಿಕೊಂಡೇ ಪೆಟ್ರೋಲ್ ಬಿಡುವುದಂತೆ. ಅಳತೆ ತಪ್ಪಿದರೆ ಪೆಟ್ರೋಲೂ ತಪ್ಪುತ್ತದೆ. ನನಗಿದು ಚೆನ್ನಾಗಿ ಅರ್ಥವಾಯಿತು; ಟೇಪು ಸರಿಯಿಲ್ಲದಿದ್ದರೆ ರವಿಕೆಯೂ ಕೆಡುತ್ತದೆ.

ಆದರೆ ನಿಧಾನಪ್ಪನಿಗೆ ಸ್ಕ್ಯಾನರಿನ ಮೇಲೂ ಪೂರ್ತಿ ನಂಬಿಕೆಯಿಲ್ಲ. ಗಾಳಿಯ ಪೈಪು ಬಿರುಕು ಬಿಟ್ಟಿದ್ದರೂ ಹೀಗೇ ತೋರಿಸುತ್ತದೆ ಎಂದು ಅದನ್ನು ಉದ್ದಕ್ಕೂ ಬಗ್ಗಿಸಿ ಒತ್ತಿ ನೋಡಿದ. ಪೈಪು ಸರಿಯಾಗಿತ್ತು. ನನ್ನನ್ನು ಒಳಗೆ ಕೂರಿಸಿ ಇಂಜಿನ್ ಆನ್ ಮಾಡಿಸಿದ. ಅದು ಗೊರಗೊರ ಎನ್ನುತ್ತ ಈಗಲೋ ಆಗಲೋ ಎನ್ನುವಂತಿತ್ತು. ಅವನು ಸೆನ್ಸರಿನ ವೈರು ಕಿತ್ತ. ಕೂಡಲೇ ಸದ್ದು ಸಮವಾಯಿತು. "ಕೇಳಿಸ್ತಾ? ಇದು ಸುಮ್ಮನಿದ್ರೆ ಇಂಜಿನ್ ತಾನೇ ಅಂದಾಜು ಮಾಡ್ಕೊಂಡು ಓಡುತ್ತೆ. ಇದು ಬಾಯಿ ಹಾಕಿದ್ರೇನೇ ಕೆಡೋದು" ಅಂದ. ಬಾಯಿ ತೆರೆದರೆ ಜಗಳವಾಗುತ್ತಿದ್ದ ನಮ್ಮ ಮನೆಯ ಊಟದ ಮೇಜು ನೆನಪಾಗಿ ಎಷ್ಟೋ ದಿನದ ಮೇಲೆ ನಗು ಬಂತು.

ಬಿಚ್ಚಿ ತೋರಿಸಿದ. ಒಳಗೆ ಕೂದಲಿಗಿಂತ ತೆಳ್ಳಗಿನ ತಂತಿ. ಬೆರಳು ತಾಗಿಸಿದರೆ ಕಥೆ ಮುಗಿಯಿತಂತೆ. ಅದಕ್ಕೆಂದೇ ಇರುವ ಸ್ಪ್ರೇ ಹೊಡೆದು, ಒಣಗಿಸಿ, ಹಾಕಿ ನೋಡಿದ. ಆಗಲಿಲ್ಲ. ಹೊಸದೇ ಬೇಕು. ಅಂಗಡಿಯವನು ಮೊದಲು ಬೇರೆ ಮಾಡೆಲಿನದು ಕೊಟ್ಟು ಅಲೆಸಿದ. ಸರಿಯಾದದ್ದು ಕೈಗೆ ಬಂದ ದಿನ ನಿಧಾನಪ್ಪನಿಗೆ ಸೊಂಟ ಬಗ್ಗಿಸಲಾಗುತ್ತಿಲ್ಲ! ಸ್ಟೂಲಿನ ಮೇಲೆ ಕೂತು "ನಿಮ್ಮ ಕೈ ಸಣ್ಣದು, ನೀವೇ ಹಾಕಿಬಿಡಿ" ಅಂದ. ಹಾಕಿದೆ ಕಣೆ. ಬ್ಯಾಟರಿಯ ವೈರು ತೆಗೆದು, ಹಳೆಯದರ ಎರಡು ಸ್ಕ್ರೂ ಬಿಚ್ಚಿ, ಹೊಸದರ ಬಾಣದ ಗುರುತು ಇಂಜಿನ್ನಿನ ಕಡೆಗೆ ಬರುವಂತೆ ಕೂರಿಸಿ, ರಬ್ಬರಿನ ಉಂಗುರ ಮಡಚಿಕೊಳ್ಳದಂತೆ ನೋಡಿಕೊಂಡು ಬಿಗಿ ಮಾಡಿದೆ. ವೈರು ಟಕ್ ಎಂದು ಕೂತಿತು. ಅವನು ಸ್ಕ್ಯಾನರಿನಿಂದ ಹಳೆಯ ದೋಷ ಅಳಿಸಿದ. ಸ್ಟಿಯರಿಂಗಿನ ಹಿಂದೆ ಅಷ್ಟು ದಿನ ಉರಿಯುತ್ತಲೇ ಇದ್ದ ಹಳದಿ ದೀಪ ಆರಿತು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಏರಿಗೆ ಹೋದೆ. ಒಂದೇ ದಮ್ಮಿಗೆ ಹತ್ತಿತು. ಮೇಲೆ ನಿಲ್ಲಿಸಿದಾಗ ಖುಷಿಯಾಗಬೇಕಿತ್ತು. ಆಗಲಿಲ್ಲ. "ಇನ್ನು ಎಷ್ಟು ದೂರ ಬೇಕಾದ್ರೂ ಹೋಗಬಹುದು ನೀವು" ಅಂದ ಅವನು. ನಾನು ಕಾರನ್ನು ಮನೆಯ ಕಡೆಗೆ ತಿರುಗಿಸಿದೆ.

ಮಗ ಕೊಳ್ಳುವವರನ್ನು ಕರೆದುಕೊಂಡು ಬರಲಿಲ್ಲ. ನಿನ್ನೆ ಬೆಳಿಗ್ಗೆ ಕಾರು ಕಾಣಲಿಲ್ಲ, ಮಾರಿಯೇಬಿಟ್ಟ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ತಂದು ನಿಲ್ಲಿಸಿ, ಕೀಲಿ ಮೇಜಿನ ಮೇಲಿಟ್ಟು, "ಟೈರಿಗೆಲ್ಲ ಗಾಳಿ ತುಂಬಿಸಿದೀನಿ. ಸ್ಟೆಪ್ನಿಗೂ" ಅಂದ.

ನಿನ್ನ ಕಾರು ನಿನಗೆ ಒಪ್ಪಿಸಲು ಶನಿವಾರ ಬೆಳಿಗ್ಗೆ ಹೊರಡುತ್ತೇನೆ. ನಿಧಾನವಾಗಿ ಬರುತ್ತೇನೆ, ಪುಟ್ಟಿಗೆ ಗೇಟಿನಲ್ಲಿ ಕಾಯಬೇಡ, ಒಳಗೇ ಇರು ಎಂದು ಹೇಳು. ಅವಳ ಎರಡು ಕೆನ್ನೆಗೂ ನನ್ನ ಮುತ್ತು. ನಿನ್ನ ತಲೆಯ ಮೇಲೆ ನನ್ನ ಕೈಯಿದೆ ಎಂದುಕೊಂಡು ಇವತ್ತು ಬೇಗ ಮಲಗು.

ನಿನ್ನ
ಅತ್ತೆ

ಮರೆತೆ. ಮರೆತೆ ಎಂಬುದು ಸುಳ್ಳು, ಮೊದಲ ಸಾಲಿನಿಂದಲೂ ಇದನ್ನೇ ಬರೆಯಲು ನೋಡುತ್ತಿದ್ದೇನೆ. ಪುಟ್ಟಿಯ ಕೋಣೆಯಲ್ಲಿ ಇನ್ನೊಂದು ಹಾಸಿಗೆ ಹಿಡಿಸುತ್ತದೆಯೆ? ಈ ಮನೆಯಲ್ಲಿ ಗೋಡೆಗಳ ಜೊತೆ ಇದ್ದೂ ಇದ್ದೂ ಸಾಕಾಗಿದೆ ನನಗೆ. ಹೋಗುತ್ತೇನೆಂದು ಮಗನಿಗೆ ಹೇಳಿದೆ. "ಯಾವಾಗ ಬರ್ತೀಯ?" ಅಂದ. "ಗೊತ್ತಿಲ್ಲಪ್ಪ" ಅಂದೆ. ನಿನಗೆ ಕಷ್ಟವೆನಿಸಿದರೆ ಸಂಕೋಚಪಡಬೇಡ, ಶುಕ್ರವಾರದೊಳಗೆ ಒಂದು ಫೋನ್ ಮಾಡಿ ಹೇಳಿಬಿಡು, ನೊಂದುಕೊಳ್ಳುವುದಿಲ್ಲ. ಆದರೆ ಅಲ್ಲಿಂದ ಈ ಕಡೆಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ನಾನು ಇನ್ನೂ ಯಾರನ್ನೂ ವಿಚಾರಿಸಿಲ್ಲ.