ದೊಣ್ಣೆನಾಯಕನ ಟ್ಯಾಂಕ್

ಜನವರಿ 9, ಬೆಳಿಗ್ಗೆ

ಉಪ್ಪು ಪೂರ್ತಿ ಕರಗಿದೆ. ಅಳತೆ ಸರಿ. ಔಷಧಿ ಅಂಗಡಿಯಲ್ಲಿ ದಿನವಿಡೀ ತೂಗುವ, ಎಣಿಸುವ ಕೈ ಇದು. ತಪ್ಪುವುದಿಲ್ಲ. ಟೆಸ್ಟ್ ಟ್ಯೂಬಿನ ನೀರು ಇವತ್ತೂ ತಿಳಿಹಳದಿ. ಅಂದರೆ ಅಮೋನಿಯಾ ಇಲ್ಲ, ಮೀನು ಬಿಡಬಹುದು. ಹನ್ನೆರಡಡಿ ಉದ್ದದ ಟ್ಯಾಂಕ್, ಎದೆಮಟ್ಟ ಉಪ್ಪುನೀರು, ಒಳಗೆ ನರಪಿಳ್ಳೆಯೂ ಇಲ್ಲ. ಪಂಪ್ ಒಂದೇ ಗುರ್ ಅನ್ನುತ್ತಿದೆ.

ಇವರು ಕೋಣೆಯ ಬಾಗಿಲವರೆಗೆ ಬಂದರು. "ಎಲ್ಲೂ ಸೋರ್ತಾ ಇಲ್ವಲ್ಲ?" ಇಲ್ಲ ಅಂದೆ. ಹೋದರು.

ನೀರು ತುಂಬುವ ಮೊದಲು ಇದೇ ಮನುಷ್ಯ ತಿಂಗಳುಗಟ್ಟಲೆ ಒಳಗೆ ಕೂತು, ಕಲ್ಲಿಗೆ ಕಲ್ಲು ಅಂಟಿಸಿ, ಗುಹೆ, ಕಮಾನು ಎಲ್ಲ ಕಟ್ಟಿದ್ದು. ಬಂದರಿನಲ್ಲಿ ಡೈವರ್ ಆಗಿದ್ದಾಗ ನೀರಿನಡಿ ಕಂಡದ್ದನ್ನೆಲ್ಲ ನೆನಪಿನಿಂದ ಕಟ್ಟಿದರು. ನೀರು ಬಿದ್ದ ದಿನದಿಂದ ಆ ಬಾಗಿಲು ದಾಟಿ ಒಳಗೆ ಬಂದಿಲ್ಲ. ಆಳದಲ್ಲಿ ಕಿವಿಗೆ ಪೆಟ್ಟಾಗಿ ಕೆಲಸ ಬಿಟ್ಟಾಗಿನಿಂದ ಹೀಗೇ... ತಲೆಗೆ ನೀರು ಹಾಕಿಕೊಳ್ಳುವುದಕ್ಕೂ ಹಿಂದೆ ಮುಂದೆ ನೋಡುತ್ತಾರೆ. ನನಗೇನು ಮೀನಿನ ಹುಚ್ಚಿಲ್ಲ. ನನ್ನ ಗಂಡ ನನಗೆ ವಾಪಸ್ ಬೇಕು, ಅಷ್ಟೆ.

ಜನವರಿ 11

ಮೀನಂಗಡಿಗೆ ಹೋಗಿದ್ದೆ. ಅಂಗಡಿಯವನ ಮಾತು ಬೆಣ್ಣೆ. "ಮೊದಲ ಮೀನು ಗಟ್ಟಿಪಿಂಡ ಆಗಿರ್ಬೇಕು ಅಕ್ಕಾ. ಇದು ಕಲ್ಲು ತಿಂದು ಕಲ್ಲು ಅರಗಿಸ್ಕೊಳ್ಳೋ ಜಾತಿ." ಹೆಬ್ಬೆರಳುದ್ದದ ಡ್ಯಾಮ್ಸೆಲ್, ಕಣ್ಣು ಕುಕ್ಕುವ ನೀಲಿ. ಮರುಳಾದೆ. ತಂದು ಬಿಟ್ಟೆ.

ಇವರನ್ನು ಕೇಳಬೇಕಿತ್ತೇನೋ. ಕೇಳಿದರೆ "ನಿನ್ನಿಷ್ಟ" ಅನ್ನುತ್ತಾರೆ. ಆ ಮಾತು ಕೇಳಿ ಕೇಳಿ ರೋಸಿಹೋಗಿದೆ.

ಜನವರಿ 30

ಹೊಸ ಮೀನು ತಂದೆ. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಜೋಡಿ, ಮರಳಲ್ಲಿ ಕೂರುವ ಸಾಧು ಗೋಬಿಗಳು. ಬಿಟ್ಟಿದ್ದೇ ತಡ, ನೀಲಿ ಮಹಾಶಯ ಎಲ್ಲಿಂದಲೋ ನುಗ್ಗಿ ಬಂದ. ಇಡೀ ಟ್ಯಾಂಕ್ ಅವರಪ್ಪನ ಆಸ್ತಿ! ಒಂದರ ಬಾಲ ಕಚ್ಚಿದ, ಇನ್ನೊಂದನ್ನು ಮೂಲೆಗೆ ಅಟ್ಟಿದ.

ನಮ್ಮ ಜೊತೆಗೇ ಇರುವ ಅಮ್ಮ ಕುರ್ಚಿ ಹಾಕಿಕೊಂಡು ನೋಡಿದಳು. "ಇವನ್ಯಾವ ದೊಣ್ಣೆನಾಯಕನೇ, ಅಪ್ಪಣೆ ಇಲ್ದೆ ಯಾರೂ ಅಲ್ಲಾಡೋ ಹಾಗಿಲ್ವಲ್ಲ?" ಹೆಸರು ಅಂಟಿಕೊಂಡಿತು.

ಫೆಬ್ರವರಿ 2, ಮಧ್ಯಾಹ್ನ

ಕ್ಲೌನ್ ಒಂದು ಸತ್ತು ತೇಲುತ್ತಿತ್ತು. ರೆಕ್ಕೆ ಚಿಂದಿ. ತೆಗೆಯುವಾಗ ಅಳು ಬಂತು.

ಇವರು ಬಾಗಿಲಲ್ಲಿ ನಿಂತಿದ್ದರು. "ಸಾಧುಗಳನ್ನ ಮೊದಲು ಬಿಡ್ಬೇಕು ಕಣೇ. ಅವು ಜಾಗ ಹಿಡಿದು ಕೂತ ಮೇಲೆ, ಕೊನೇಲಿ ಇಂಥ ಜಗಳಗಂಟನ್ನ. ಮೊದಲು ಬಂದೋನಿಗೆ ಎಲ್ಲಾ ನಂದೇ ಅನ್ಸಿಬಿಡತ್ತೆ."

ಮೈಯೆಲ್ಲ ಉರಿದುಹೋಯಿತು. "ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಾ?"

"ನೀನು ಕೇಳ್ಲಿಲ್ಲ."

"ಕೇಳೋ ಹಾಗೆ ಇಟ್ಕೊಂಡಿದೀರಾ ಮುಖಾನ?"

ಇಬ್ಬರೂ ಊಟ ಬಿಟ್ಟೆವು. ಈಗ ಹೊಟ್ಟೆ ಚುರುಗುಟ್ಟುತ್ತಿದೆ. ಆದರೂ... ಒಂದೇ ಉಸಿರಿಗೆ ಇಷ್ಟು ಮಾತು ಆ ಬಾಯಿಂದ ಬಂದು ಎಷ್ಟು ಕಾಲವಾಗಿತ್ತು! ಕೋಪದ ಅಡಿಯಲ್ಲಿ ಖುಷಿಯೂ ಇದೆ. ಯಾರಿಗೂ ಹೇಳುವುದಿಲ್ಲ.

ಫೆಬ್ರವರಿ 17

ಬಲೆ ಬೀಸಿದರೆ ಗುಹೆ ಸೇರುತ್ತಾನೆ. ಬಾಟಲಿಯಲ್ಲಿ ತಿಂಡಿ ಇಟ್ಟು ಬೋನು ಮಾಡಿದೆ. ಗೋಬಿಗಳು ಒಳಗೆ ಹೋಗಿ ಸಿಕ್ಕಿಕೊಂಡವು, ಇವನು ಹೊರಗೆ ಕಾವಲು ನಿಂತ. ಅಮ್ಮ ಬಿದ್ದು ಬಿದ್ದು ನಕ್ಕಳು.

ಅಂಗಡಿಯವನಿಗೆ ಫೋನ್ ಮಾಡಿ ಚೆನ್ನಾಗಿ ಝಾಡಿಸಿದೆ. ಮೀನು ವಾಪಸ್ ತಗೋತಾನಂತೆ. "ಆದ್ರೆ ಹಿಡಿಯೋಕೆ ಕಲ್ಲು ಕೀಳ್ಲೇಬೇಕು ಅಕ್ಕಾ, ಬೇರೆ ದಾರಿ ಇಲ್ಲ."

ಇವರು ಕಟ್ಟಿದ್ದನ್ನು ನಾನು ಕೀಳುವುದೇ? ಕೈ ಬರುವುದಿಲ್ಲ. ಇವರಿಗೇ ಹೇಳಿದೆ. "ಯಾವ ಗುಹೆ ಸೇರ್ತಾನೆ?" ಅಂದರು.

"ಎಡಗಡೆ, ಕಮಾನಿನ ಕೆಳಗೆ."

"ಅದಕ್ಕೆ ಹಿಂದುಗಡೆ ಇನ್ನೊಂದು ಬಾಯಿದೆ. ಮೇಲಿಂದ ಕೈಗೆ ಎಟುಕಲ್ಲ. ಯಾರಾದ್ರೂ ಒಳಗಿಳಿದ್ರೆ..."

ಉಳಿದದ್ದನ್ನು ನುಂಗಿಕೊಂಡರು.

ಫೆಬ್ರವರಿ 20

ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಬೆಳಕು ಬಿಟ್ಟು ಇಣುಕಿ ನೋಡಿದರು. "ಗಾಯ ಯಾವತ್ತೋ ಮಾಗಿದೆ. ಸಮುದ್ರದ ಆಳಕ್ಕೆ ಬೇಡ ಅಂದಿದ್ದೆ. ಎದೆಮಟ್ಟದ ನೀರಲ್ಲಿ ತಲೆ ಮುಳುಗಿಸ್ಬೇಡಿ ಅಂತ ಯಾವಾಗ ಅಂದೆ?"

ಇವರು ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿಕೊಂಡೇ ಹೇಳಿದರು: "ಭಯ ಆಗತ್ತೆ ಕಣೇ."

ಮದುವೆಯಾದಾಗಿನಿಂದ ಆ ಮಾತು ಕೇಳಿದ್ದು ಇದೇ ಮೊದಲು. ಎಲ್ಲರೆದುರಿಗೆ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಫೆಬ್ರವರಿ 23, ಬೆಳಿಗ್ಗೆ

ಅಟ್ಟದಿಂದ ಡೈವಿಂಗ್ ಮಾಸ್ಕ್ ಇಳಿಸಿ ತೊಳೆಯುತ್ತಿದ್ದಾರೆ. ಏನೂ ಕೇಳಬಾರದು. ಕಾಫಿಗೆ ಸಕ್ಕರೆ ಎರಡು ಸಲ ಹಾಕಿದೆ. ಹಾಗೇ ಕುಡಿದರು, ಪಾಪ.

ಅದೇ ದಿನ, ಹನ್ನೊಂದು ಗಂಟೆ

ಇಳಿದರು. ಮೊದಲು ಕಾಲು, ಆಮೇಲೆ ಸೊಂಟ. ಅಂಚು ಹಿಡಿದು ನಿಂತವರು ನಿಂತೇ ಇದ್ದರು. ಗೆಣ್ಣೆಲ್ಲ ಬಿಳಿಚಿಕೊಂಡಿತ್ತು. ಬೇಡ ರೀ, ಬಂದುಬಿಡಿ ಅನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಅಮ್ಮ, "ಅಳಿಯಂದ್ರೇ, ಮೀನಿಗೆ ವಯಸ್ಸಾಗ್ತಾ ಇದೆ" ಅಂದಳು.

ನಕ್ಕುಬಿಟ್ಟರು. ನಗು ಆರುವ ಮೊದಲೇ ಉಸಿರಾಡುವ ಸ್ನಾರ್ಕೆಲ್ ಕೊಳವೆ ಕಚ್ಚಿಕೊಂಡು ತಲೆ ಮುಳುಗಿಸಿದರು. ಹಿಂದಿನ ಬಾಯಿಗೆ ಬಲೆ ಒಡ್ಡಿದರು, ಮುಂದಿನಿಂದ ಬೆರಳು ಆಡಿಸಿದರು. ದೊಣ್ಣೆನಾಯಕ ಹಿತ್ತಲ ಬಾಗಿಲಿಂದ ಓಡಿದ, ನೇರ ಬಲೆಗೆ. ಈಗ ನನ್ನ ಕಾಲ ಬಳಿ ಬಕೆಟ್ಟಿನಲ್ಲಿದ್ದಾನೆ. ಗತ್ತು ಮಾತ್ರ ಇಳಿದಿಲ್ಲ.

ಮೀನು ಸಿಕ್ಕಿ ಎಷ್ಟೋ ಹೊತ್ತಾಯಿತು. ಇವರು ಹೊರಗೆ ಬರುವ ಲಕ್ಷಣವೇ ಇಲ್ಲ. ತಾವು ಕಟ್ಟಿದ ಕಲ್ಲುಗಳನ್ನು ಸವರುತ್ತಾ ಈ ತುದಿಯಿಂದ ಆ ತುದಿಗೆ ತೇಲುತ್ತಿದ್ದಾರೆ. ಒಮ್ಮೆ ತಲೆ ಎತ್ತಿದಾಗ "ಕಿವಿ ಹೇಗಿದೆ ರೀ?" ಅಂದೆ.

"ಯಾವ ಕಿವಿ?" ಅಂದು ಮತ್ತೆ ಮುಳುಗಿದರು. ಅಳುತ್ತಲೇ ಬರೆಯುತ್ತಿದ್ದೇನೆ, ಅಮ್ಮ ನೋಡಿದರೆ ನೋಡಲಿ.

ಈಗ ಗಾಜು ತಟ್ಟುತ್ತಿದ್ದಾರೆ. ಒಳಗಿಂದ ಬೆರಳಲ್ಲಿ ಕರೆಯುತ್ತಿದ್ದಾರೆ, ನನ್ನನ್ನೇ. ತಲೆ ಕೆಟ್ಟಿದೆಯೇ, ನನಗೆ ಈಜು ಬರುವುದಿಲ್ಲ. ನೈಟಿಯಲ್ಲಿದ್ದೇನೆ ಬೇರೆ. ಮತ್ತೆ ತಟ್ಟಿದರು. ಎದೆಮಟ್ಟ ನೀರು ತಾನೆ... ಇವರು ಇದ್ದಾರಲ್ಲ ಹಿಡಿದುಕೊಳ್ಳಲು. ಇರಿ ರೀ, ಬಂದೆ, ಒಂದು ನಿಮಿಷ —