ಭಾನುವಾರ ಬುಟ್ಟಿ ತರಬೇಡ

ಬುಟ್ಟಿ ಹಿಡಿದು ಭಾನುವಾರ ಹೊರಡಲಿರುವ ನನ್ನ ಮೈದುನನಿಗೆ,

ಐ ರಿಗ್ರೆಟ್ ಟು ಇನ್‌ಫಾರ್ಮ್ ಯೂ ದಟ್... ಕಾಲೇಜಿನಲ್ಲಿ ಇಂಥ ಪತ್ರ ಬರೆಯಲು ಕಲಿಸಿದ್ದರು, ಮುಂದಿನದು ಮರೆತಿದೆ. ಕನ್ನಡದಲ್ಲೇ ಹೇಳುತ್ತೇನೆ: ಬೆಕ್ಕನ್ನು ಕೊಡುವುದಿಲ್ಲ.

ತೆಗೆದುಕೊಂಡು ಹೋಗು ಮಾರಾಯ ಎಂದು ಫೋನಿನಲ್ಲಿ ಗೋಗರೆದವನು ನಾನೇ, ನಿಜ. ನಿನ್ನ ಅಕ್ಕ ತೀರಿಕೊಂಡ ಮೇಲೆ ಅದು ನನ್ನನ್ನು ಬಾಡಿಗೆಗೆ ಬಂದವನಂತೆ ನೋಡುತ್ತಿತ್ತು. ತಟ್ಟೆ ಇಟ್ಟು ನಾನು ಕೋಣೆ ಬಿಟ್ಟರೆ ಮಾತ್ರ ಊಟ. "ಅದು ಅಕ್ಕನ ಬೆಕ್ಕು ಭಾವ, ನಿಮಗೆ ಒಗ್ಗಲ್ಲ ಬಿಡಿ" ಅಂದೆಯಲ್ಲ, ಆ ಮಾತು ಸ್ವಲ್ಪ ನಾಟಿತ್ತು. ಇರಲಿ.

ನನ್ನ ಮಗಳ ಪ್ರಯೋಗಾಲಯದ ಕೆಲಸ ನಿನಗೆ ಗೊತ್ತಲ್ಲ. ಜೀವಕೋಶದೊಳಗೆ ಒಂದು ಪ್ರೊಟೀನು ಇನ್ನೊಂದನ್ನು ಹಿಡಿದು ಸುದ್ದಿ ದಾಟಿಸುತ್ತದಂತೆ. ಹಾಗೆ ಹಿಡಿಯುವ ತುಂಡಿಗೆ ಡೊಮೇನ್ ಎನ್ನುತ್ತಾರೆ. ಅವಳು ಹಿಂದೆ ಬಿದ್ದಿರುವ ತುಂಡಿನ ಹೆಸರು ಎಸ್‌ಎಚ್‌ಟು. ಆಕಾರ ಕಾಣಬೇಕಾದರೆ ಪ್ರೊಟೀನನ್ನು ಸಕ್ಕರೆಯ ಹಾಗೆ ಹರಳುಗಟ್ಟಿಸಿ ಎಕ್ಸ್‌ರೇ ಹಾಯಿಸಬೇಕು. ಅವಳಿಗೆ ಬಂದದ್ದೆಲ್ಲ ಎಕ್ಸ್‌ರೇಗೆ ಸಾಲದ ಪುಡಿಹರಳು. ಉಳಿದ ಪ್ರೊಟೀನು ಇನ್ನೊಂದೇ ಸಲಕ್ಕೆ ಸಾಲುವಷ್ಟು. ಕೆಟ್ಟರೆ ವರ್ಷಗಳ ಕೆಲಸ ನೀರುಪಾಲು.

ಹೋದ ತಿಂಗಳು ಬಂದವಳೇ "ಅಪ್ಪಾ, ಬೆಕ್ಕಿನ ಮೀಸೆ ಬೇಕು" ಎಂದಳು.

"ನನ್ನದು ಆಗಲ್ವೇನೇ?"

"ನಿಂದು ಪೊರಕೆಕಡ್ಡಿ. ತಾನಾಗೇ ಉದುರಿದ್ದು ಬೇಕು. ಕಿತ್ತೆ ಅಂದ್ರೆ ನೋಡು!"

ಮೀಸೆಯನ್ನು ಹಳೆಯ ಹರಳಿಗೆ ಸವರಿ ಹೊಸ ಹನಿಯಲ್ಲಿ ಗೀರಿದರೆ, ಅಂಟಿ ಬಂದ ಹರಳಿನ ಧೂಳೇ ಬೀಜವಾಗಿ ದೊಡ್ಡ ಹರಳು ಬೆಳೆಯುತ್ತದಂತೆ.

ಸೋಫಾದ ಅಡಿ, ಫ್ರಿಜ್ಜಿನ ಹಿಂದೆ, ಎಲ್ಲ ತಡಕಿದೆ. ಒಂದು ಗುಂಡಿ, ಒಂದು ಪೆನ್ನಿನ ಮುಚ್ಚಳ ಸಿಕ್ಕವು. ಕೊನೆಗೆ ನಿನ್ನ ಅಕ್ಕನ ಬೀರು. ಅಲ್ಲಿಯವರೆಗೆ ನಾನದನ್ನು ತೆಗೆದಿರಲಿಲ್ಲ. ಬೂದು ಶಾಲಿನ ಉಣ್ಣೆಯಲ್ಲಿ ಸಿಕ್ಕಿಕೊಂಡಿತ್ತು, ಉದ್ದನೆಯ ಬಿಳಿ ಮೀಸೆ. ಬಿಡಿಸಿ ಲಕೋಟೆಗೆ ಹಾಕಿದೆ. ಶಾಲನ್ನು ಮಡಚಿಡಲು ಮನಸ್ಸಾಗದೆ ಹೊದ್ದು ಕುಳಿತೆ.

ಬೆಕ್ಕು ಬಂತು. ಬಾಗಿಲಲ್ಲಿ ನಿಂತು ಮೂಗು ಎತ್ತಿ ಶಾಲಿನ ವಾಸನೆ ಹಿಡಿಯಿತು, ಆಮೇಲೆ ನೇರ ನನ್ನ ಮಡಿಲಿಗೆ. ಕೆಮ್ಮು ಬಂದರೂ ನಾನು ಕೆಮ್ಮಲಿಲ್ಲ.

ಹರಳು ಬೆಳೆಯಿತು. ನಿನ್ನೆ ಮಗಳು ಚಿತ್ರ ತಂದು ತೋರಿಸಿದಳು. ನಡುವೆ ಮಡಿಕೆ ಬಿದ್ದ ಹಾಳೆ, ಅತ್ತಿತ್ತ ಎರಡು ಸುರುಳಿ, ಪಕ್ಕದಲ್ಲಿ ಒಂದು ಗುಳಿ. "ಎದುರಿನ ಪ್ರೊಟೀನಿಗೆ ಇಷ್ಟೇ ಇಷ್ಟು ಫಾಸ್ಫೇಟ್ ಅಂಟಿರ್ಬೇಕಪ್ಪಾ. ಅದಿದ್ರೆ ಈ ಗುಳಿ ಗಪ್ಪಂತ ಹಿಡ್ಕೊಳ್ಳುತ್ತೆ. ಇಲ್ದಿದ್ರೆ ನೀನ್ಯಾರೋ ನಾನ್ಯಾರೋ."

ಅರ್ಥವಾಯಿತು ಎಂದೆ. ಅವಳು ನಂಬಲಿಲ್ಲ. ಶಾಲು ನನ್ನ ಹೆಗಲ ಮೇಲೇ ಇತ್ತು, ಬೆಕ್ಕು ಮಡಿಲಲ್ಲಿ.

ಆದ್ದರಿಂದ ಬಾ, ಬುಟ್ಟಿ ಬಿಟ್ಟು ಬಾ. ನಿನ್ನ ಹೆಂಡತಿ ಬಂದಾಗಲೆಲ್ಲ ಕೈಗೆ ಸಿಕ್ಕಿದ ಬಟ್ಟೆಯನ್ನೆಲ್ಲ ಒಗೆದು ಹಾಕುತ್ತಾಳೆ, ಪುಣ್ಯಾತ್ಗಿತ್ತಿ. ಬೂದು ಶಾಲು ಮಾತ್ರ ಮುಟ್ಟಬಾರದೆಂದು ಮೊದಲೇ ಹೇಳಿರು. ಅದು ಒಗೆಯುವುದಲ್ಲ.

ಇಬ್ಬರೂ ನೂರು ಕಾಲ ಚೆನ್ನಾಗಿರಿ.

ಬೆಕ್ಕಿನ ಸಮೇತ,
ನಿನ್ನ ಭಾವ